ಮೊದಲು ಆಡಿಗೆ

ಶಹಾಪುರದ ಹತ್ತಿ ಮಿಲ್ಲಿನಲ್ಲಿ ಒತ್ತಿ ಕಟ್ಟಿದ ಹತ್ತಿಯ ಬೇಲು ಮೇಲೆ ಜಾರಿ ಬಿದ್ದು ಅಂಬ್ರಪ್ಪನ ಮೊಣಕಾಲ ಕೆಳಗಿನ ಎಲುಬು ಮುರಿಯಿತು. ಆಸ್ಪತ್ರೆಯಲ್ಲಿ ಎಲುಬಿಗೆ ಹಾಕಿದ ಉಕ್ಕಿನ ಪಟ್ಟಿಗೆ ಕೀವು ಹತ್ತಿತು. ತೆಗೆದು ಇನ್ನೊಂದು ಹಾಕಿದರು, ಅದಕ್ಕೂ ಹತ್ತಿತು. ಕೊನೆಗೆ ಪಟ್ಟಿಯ ಜೊತೆ ಕೊಳೆತ ಎಲುಬನ್ನೂ ತೆಗೆದು, ಕಾಲಿಗೆ ಹೊರಗಿನಿಂದ ಕಂಬಿ ಬಿಗಿದು ಮನೆಗೆ ಕಳಿಸಿದರು.

ಅವನ ಅಕ್ಕನ ಮಗಳು ಪಂಚಶೀಲಾ ಕಲಬುರಗಿಯ ಪ್ರಯೋಗಾಲಯವೊಂದರಲ್ಲಿ ಪಿಂಗಾಣಿಯ ಎಲುಬು ಮಾಡುತ್ತಿದ್ದಳು.

"ಪಿಂಗಾಣಿ ಅಂದ್ರ ಚಾದ ಕಪ್ಪಿಂದೇನವ್ವ?"

"ಅದರ ಜಾತೀದ ಮಾವ. ಆದ್ರ ಗಟ್ಟಿ."

"ಕಪ್ಪು ಕೈಜಾರಿದ್ರ ಒಡೀತದ. ನಾ ಜಾರಿದ್ರ?"

ಪ್ರಶ್ನೆ ಸರಿಯಾಗಿಯೇ ಇತ್ತು. ಕೀವು ತರುವ ಕ್ರಿಮಿ ಕೊಲ್ಲಲೆಂದು ಸತು ಬೆರೆಸಿದರೆ ತುಂಡು ಕುಲುಮೆಯಿಂದ ಬಿರಿದೇ ಬರುತ್ತಿತ್ತು. ಸತು ಇಳಿಸಿದರೆ ತುಂಡೂ ಗಟ್ಟಿ, ಕ್ರಿಮಿಗಳೂ ಗಟ್ಟಿ. ಕಡೆಗೆ ಸತುವಿಲ್ಲದ ತಿರುಳಿನ ಮೇಲೆ ಸತು ಬೆರೆತ ತೆಳು ಪದರ ಕೂರಿಸಿದಳು. ಯಂತ್ರ ಎಷ್ಟು ಒತ್ತಿದರೂ ಅದು ತಾಳಿತು, ಕ್ರಿಮಿಗಳು ಸತ್ತವು. ಪಂಚಶೀಲಾ ಕುಣಿಯುವ ಪೈಕಿಯವಳಲ್ಲ. ಮಾವನಿಗೆ ಫೋನ್ ಮಾಡಿದಳು.

"ಹಂಗಾರ ಯಾವಾಗ ಬರ್ಲಿ?"

"ಈಗಲ್ಲ ಮಾವ. ಮೊದ್ಲು ಆಡಿಗೆ ಹಾಕಬೇಕು."

"ಯಾರ ಆಡಿಗೆ?"

ಪಿಂಗಾಣಿ ಹಾಕಿ ಕೆಲವು ತಿಂಗಳಾದ ಆಡು ಸುರಪುರದ ಹೊರಗಿನ ಪ್ರಯೋಗದ ಕೊಟ್ಟಿಗೆಯಲ್ಲಿತ್ತು. ತಾನೂ ನೋಡಲೇಬೇಕೆಂದು ಅಂಬ್ರಪ್ಪ ಊರುಗೋಲು ಹಿಡಿದು ಅವಳ ಜೊತೆ ಬಸ್ಸು ಹತ್ತಿದ. ಕೊಟ್ಟಿಗೆ ನೋಡಿಕೊಳ್ಳುವ ಗೌಹರಬೇಗಂ ಹಗ್ಗ ಬಿಚ್ಚಿದಳು. ಆಡು ಓಡಿಹೋಗಿ ಮೇವಿನ ತೊಟ್ಟಿಯ ಮೇಲೆ ಹತ್ತಿ ನಿಂತಿತು.

"ನನಗಿಂತ ಛಲೋ ನಡೀತದ," ಎಂದ ಅಂಬ್ರಪ್ಪ.

"ಕೀವಿಲ್ಲ, ಜ್ವರಿಲ್ರಿ. ತಿನ್ನೋದು ಒಂದ ಕೆಲಸ," ಎಂದಳು ಗೌಹರಬೇಗಂ.

"ಮುಂದ ಇದಕ್ಕೇನು ಮಾಡ್ತೀರಿ?"

ಗೌಹರಬೇಗಂ ಪಂಚಶೀಲಾಳ ಮುಖ ನೋಡಿದಳು.

"ಎಲುಬು ಕೊಯ್ದು ನೋಡಬೇಕು ಮಾವ. ಒಳಗ ಹ್ಯಾಂಗ ಕೂಡೇದ ಅಂತ."

"ಆಮ್ಯಾಲ?"

"ಆಮ್ಯಾಲ ಆಡು ಇರಂಗಿಲ್ಲ."

ಅಂಬ್ರಪ್ಪ ಕಂಬಿಯ ಕಾಲನ್ನು ತುಸು ಹಿಂದಕ್ಕೆಳೆದುಕೊಂಡ. "ಮನುಷ್ಯಾರ ಪಾಳಿ ಬಂದಾಗ?"

"ಎಕ್ಸ್‌ರೇ ಸಾಕು."

"ಕೇಳಿದ್ದು ಛಲೋ ಆತು."

ವಾರದ ಮೇಲೆ ಎಲುಬು ಕೊಯ್ದು ನೋಡಿದರು. ಹೊಸ ಎಲುಬು ಪಿಂಗಾಣಿಯನ್ನು ಬೇರಿನಂತೆ ಹಿಡಿದಿತ್ತು. ಪ್ರಯೋಗಾಲಯದಲ್ಲಿ ಪೇಢಾ ಹಂಚಿದರು. ಪಂಚಶೀಲಾ ತನ್ನದನ್ನು ತಿಂದು ಶಹಾಪುರದ ಬಸ್ಸು ಹಿಡಿದಳು.

"ಕೂಡಿತ್ತೇನು?" ಮಾವ ಬಾಗಿಲಲ್ಲೇ ಕೇಳಿದ.

"ಕೂಡಿತ್ತು." ತೊಟ್ಟಿ ಹತ್ತಿದ ಆಡನ್ನು ಅವಳು ಬಸ್ಸಿನ ದಾರಿಯುದ್ದಕ್ಕೂ ನೆನೆದಿದ್ದಳು.

ಅಂಬ್ರಪ್ಪ ರೊಟ್ಟಿಯ ತಾಟು ಅವಳ ಮುಂದೆ ಸರಿಸಿದ. "ನನ್ನ ಪಾಳಿ?"

"ಇನ್ನ ಭಾಳ ವರ್ಷ ಹಿಡೀತದ ಮಾವ. ಡಾಕ್ಟರು ಈಗ ನಿನ್ನ ಸೊಂಟದ ಎಲುಬಿಂದ ಒಂದು ತುಂಡು ತಗದು ಕಾಲಿಗೆ ಹಾಕ್ತೀನಿ ಅಂತಾರ."

"ನಂದ ಎಲುಬು?"

"ನಿಂದ."

"ಅದಾದ್ರ ಗುರ್ತಿಂದು. ಹಾಕ್ಲಿ. ನೀ ಉಣ್ಣು."

ಆ ಎಲುಬು ಕೂಡಿತು, ಕೀವಾಗಲಿಲ್ಲ. ಅಂಬ್ರಪ್ಪ ತುಸು ಕುಂಟುತ್ತ ಮಿಲ್ಲಿಗೆ ಹೋಗುತ್ತಾನೆ. ಪಂಚಶೀಲಾಳ ಪಿಂಗಾಣಿ ಇನ್ನೂ ಆಡುಗಳ ಕಾಲಲ್ಲೇ ಇದೆ; ಮನುಷ್ಯರ ಪಾಳಿ ಬರುವುದಿದೆ.