ಮಲ್ಲಟಕ್ಕೆ ಯಾವ ವ್ಯಾಖ್ಯಾನ

ಕರೆಂಟು ಹೋಯಿತು, ಫ್ಯಾನಿನ ರೆಕ್ಕೆಗಳು ಒಂದೊಂದಾಗಿ ಎಣಿಸುವಷ್ಟು ನಿಧಾನವಾಗಿ ತಿರುಗಿ ನಿಂತವು, ಇನ್ನು ರಾಯಚೂರಿನ ಸೆಕೆಗೆ ಈ ಅಲಮಾರಿಯ ನುಸಿಗುಳಿಗೆ ವಾಸನೆ ಸೇರಿ ತಲೆ ಹಿಡಿಯುತ್ತದೆ — ಮೇಜಿನ ಮೇಲೆ ಮೂರು ಪುಸ್ತಕ, ಮೂರೂ ಬೈಬಲಿನ ಯೋಬನ ಗ್ರಂಥಕ್ಕೆ ಬರೆದ ವ್ಯಾಖ್ಯಾನಗಳು, ಒಯ್ಯಬಹುದಾದದ್ದು ಒಂದೇ. ಒಬ್ಬ ಉಪದೇಶಿಗೆ ಒಂದು ಪುಸ್ತಕ, ಸುಗ್ಗಿ ಮುಗಿಯುವ ತನಕ, ಎಂದು ಪಾದ್ರಿ ಅಯ್ಯನವರ ಕಾಯಿದೆ, ಈ ಮಿಷನ್ ಕಂಪೌಂಡಿನ ಪುಸ್ತಕಗಳೆಲ್ಲ ಅವರ ಸುಪರ್ದಿನಲ್ಲಿವೆ. ಏನ್ರಿ ಮೌನಪ್ಪ, ಇನ್ನೂ ಆರಿಸಾಕತ್ತೀರೇನು, ಮಾನ್ವಿ ಬಸ್ಸು ನಾಕಕ್ಕ ಅದ, ಎಂದು ಪಕ್ಕದ ಕೋಣೆಯಿಂದ ಅವರ ದನಿ, ಆರಿಸಾಕತ್ತೀನ್ರಿ ಅಯ್ಯನವರ, ಎಂದು ನಾನು, ಐದು ವರ್ಷದ ಮೇಲೆ ಮತ್ತೆ ಮಲ್ಲಟಕ್ಕೆ ವರ್ಗವಾಗಿದೆ, ಮತ್ತೆ ಯೋಬನನ್ನೇ ಕಲಿಸುತ್ತೇನೆ ಎಂದು ನಾನೇ ಕೇಳಿಕೊಂಡಿದ್ದೇನೆ, ಯಾಕೆಂದು ಅವರು ಕೇಳಲಿಲ್ಲ, ಸದ್ಯ ಕೇಳಲಿಲ್ಲ. ದಪ್ಪನೆಯ ಇಂಗ್ಲಿಷಿನದು ಕೈಗೆ ಭಾರ, ಹೋದ ವರ್ಷ ದೇವದುರ್ಗಕ್ಕೆ ಒಯ್ದದ್ದು ಇದನ್ನೇ, ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ದಿನಕ್ಕೊಂದು ಪುಟ, ಹೀಬ್ರೂವಿನ ಒಂದು ಶಬ್ದಕ್ಕೆ ಅರ್ಧ ಪುಟದ ಜಗಳ, ನಾಟಿ ಮಾಡಿ ಬೆನ್ನು ನೋಯಿಸಿಕೊಂಡು ಬಂದು ಕೂತ ಹೆಂಗಸರಿಗೆ ಇದನ್ನು ಹೇಳಿದರೆ ಮೊದಲ ಸಾಲಿಗೇ ತೂಕಡಿಸುತ್ತಾರೆ, ಅವರ ತಪ್ಪೇನೂ ಇಲ್ಲ. ರಟ್ಟು ಹರಿದದ್ದು ತೆಲುಗಿನದು, ಅವ್ವನ ತವರು ಗದ್ವಾಲ್ ಆದ್ದರಿಂದ ನನಗೆ ಓದಲು ಬರುತ್ತದೆ, ಬರೆದ ಪುಣ್ಯಾತ್ಮ ದುಃಖ ಕಂಡವನು, ಓದಿದರೆ ಕಣ್ಣು ತುಂಬುತ್ತದೆ, ಆದರೆ ಮಲ್ಲಟದಲ್ಲಿ ಅಳುವುದಕ್ಕೆ ನನ್ನ ಪಾಠವೇನೂ ಬೇಕಾಗಿಲ್ಲ. ಮೂರನೆಯದು ಕನ್ನಡದ್ದು, ತೆಳ್ಳಗೆ, ನೀಲಿ ರಟ್ಟು, ಅಧ್ಯಾಯಕ್ಕೊಂದು ಪುಟ, ಪುಟಕ್ಕೆ ಮೂರು ತಲೆಬರಹ, ಶನಿವಾರ ಒಮ್ಮೆ ಕಣ್ಣಾಡಿಸಿದರೆ ಭಾನುವಾರದ ಪಾಠ ಸಿದ್ಧ, ನನ್ನಂಥ ಸೋಮಾರಿಗೆ ಹೇಳಿ ಮಾಡಿಸಿದ ಪುಸ್ತಕ. ಎಪ್ಪತ್ತೈದರಲ್ಲಿ ಮಲ್ಲಟಕ್ಕೆ ಒಯ್ದದ್ದು ಇದನ್ನು.

ಯೋಬನ ಕಥೆ ದೊಡ್ಡದೇನಲ್ಲ, ಒಳ್ಳೆಯ ಮನುಷ್ಯ, ಮಕ್ಕಳು ಸತ್ತರು, ದನಕರು ಹೋದವು, ಮೈತುಂಬ ಹುಣ್ಣು, ಸಮಾಧಾನ ಹೇಳಲು ಬಂದ ಮೂವರು ಗೆಳೆಯರು ಅಧ್ಯಾಯದ ಮೇಲೆ ಅಧ್ಯಾಯ ಒಂದೇ ಹಾಡು ಹಾಡುತ್ತಾರೆ, ನೀನು ಪಾಪ ಮಾಡಿದ್ದೀಯ, ಅದಕ್ಕೇ ಹೀಗಾಯಿತು, ಅವನು ಒಪ್ಪುವುದಿಲ್ಲ, ದೇವರ ಜೊತೆಗೇ ಜಗಳಕ್ಕೆ ನಿಲ್ಲುತ್ತಾನೆ, ಕೊನೆಯ ಅಧ್ಯಾಯದಲ್ಲಿ ದೇವರ ಸಿಟ್ಟು ಯೋಬನ ಮೇಲಲ್ಲ, ಆ ಗೆಳೆಯರ ಮೇಲೆ. ಚಿಕ್ಕಂದಿನಲ್ಲಿ ನಾನು ಕೇಳಿದ್ದು ತುದಿಗಳನ್ನು ಮಾತ್ರ, ಕಳಕೊಂಡ, ಮತ್ತೆ ಪಡೆದ, ನಡುವಿನದನ್ನು ಯಾರೂ ಹೇಳಿರಲಿಲ್ಲ, ಈ ನೀಲಿ ಪುಸ್ತಕವೂ ಯಾವ ಅಧ್ಯಾಯದಲ್ಲಿ ಯಾರು ಮಾತಾಡುತ್ತಿದ್ದಾರೆ ಎಂದು ಹೇಳುವುದಿಲ್ಲ, ಸತ್ಯವೇದದಲ್ಲಿ ಬರೆದದ್ದೆಲ್ಲ ದೇವರ ಮಾತೇ ಎಂದುಕೊಂಡು ಆ ಗೆಳೆಯರ ಮಾತನ್ನು ವಾರ ವಾರ ದೇವರ ಹೆಸರಿನಲ್ಲಿ ಹೇಳಿಬಿಟ್ಟೆ, ಗಟ್ಟಿ ದನಿಯಲ್ಲಿ, ದನಿ ಮಾತ್ರ ಚೆನ್ನಾಗಿತ್ತು. ಇಪ್ಪತ್ತೆರಡನೆಯ ಅಧ್ಯಾಯ, ಅಡಗಿಸಿಟ್ಟ ಪಾಪ ಎಂಬ ತಲೆಬರಹ, ಅದೇ ತಿಂಗಳು, ಪಾಠಕ್ಕೆ ಬರುತ್ತಿದ್ದ ಗೋಪಮ್ಮನ ಎರಡು ಕೂಸು ವಾಂತಿಭೇದಿಯಿಂದ ಎಂಟು ದಿನದಲ್ಲಿ ಹೋಗಿದ್ದವು, ಪಾಠ ಮುಗಿದ ಮೇಲೆ ಎಲ್ಲರೂ ಎದ್ದರೂ ಅವಳು ಚಾಪೆಯ ತುದಿಯಲ್ಲಿ ಕೂತೇ ಇದ್ದಳು, ಯಪ್ಪಾ, ಸಣ್ಣಾಕಿಗೆ ಜಡ್ಡು ಜೋರಾದಾಗ ಪೀರಾ ಸಾಬನ ಕಡಿಯಿಂದ ತಾಯತ ಕಟ್ಟಿಸಿದ್ದೆರಿ, ದವಾಖಾನಿ ದೂರ ಇತ್ತರಿ, ಅದ ಏನ್ರಿ ಪಾಪ. ನನಗೆ ಹಸಿವಾಗಿತ್ತು, ಇದು ನಿಜ, ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು, ಅದ ಇರಬೇಕು ಯವ್ವಾ, ಎಂದೆ. ಅವಳು ಅಳಲಿಲ್ಲ. ಸೆರಗು ಹೊದ್ದ ತಲೆಯನ್ನು ಆಡಿಸಿದಳು, ಹೌದ್ರಿ ಯಪ್ಪಾ, ಎಂದಳು, ಪಾಠ ತಿಳಿಯಿತು ಎಂದು ನನಗೆ ಸಂತೋಷವಾಯಿತು.

ಮರುದಿನದಿಂದ ದಿನಾ ಬೆಳಿಗ್ಗೆ ಕೂಲಿಗೆ ಹೋಗುವ ಮೊದಲು ಅವಳು ಪ್ರಾರ್ಥನಾ ಮಂದಿರದ ಕಸ ಹೊಡೆಯತೊಡಗಿದಳು, ಯಾರೂ ಹೇಳಿರಲಿಲ್ಲ, ಅವಳದು ಬೆಳೆಯುತ್ತಿರುವ ಭಕ್ತಿ ಎಂದು ನಾನು ವರದಿಯಲ್ಲಿ ಬರೆದೆ, ಅಯ್ಯನವರು ಅದನ್ನು ಸಭೆಯಲ್ಲಿ ಓದಿ ಹೇಳಿದರು, ಜನ ಮೆಚ್ಚಿದರು, ನಾನೂ ಉಬ್ಬಿದೆ. ಆಮೇಲೆ ಸುಗ್ಗಿ, ದೇವದುರ್ಗಕ್ಕೆ ವರ್ಗ, ಪಾಠ ಇಪ್ಪತ್ತೆರಡಕ್ಕೇ ನಿಂತಿತು, ಕೊನೆಯ ಅಧ್ಯಾಯ ಮಲ್ಲಟ ಮುಟ್ಟಲೇ ಇಲ್ಲ. ಹೋದ ವರ್ಷ ಆ ದಪ್ಪ ಪುಸ್ತಕದ ಪೀಠಿಕೆಯಲ್ಲಿ, ಮಾತು ಯಾರದೆಂದು ಮೊದಲು ನೋಡಿಕೊಳ್ಳಿ ಎಂಬ ಒಂದು ಸಾಲು ಸಿಕ್ಕಿತು, ಸತ್ಯವೇದ ತೆಗೆದು ಇಪ್ಪತ್ತೆರಡನೆಯ ಅಧ್ಯಾಯ ನೋಡಿದರೆ ಅದು ಆ ಗೆಳೆಯರಲ್ಲೊಬ್ಬನ ಮಾತು, ಮೊನ್ನೆ ಪೋತ್ನಾಳದ ಬಸ್‌ಸ್ಟ್ಯಾಂಡಿನಲ್ಲಿ ಮಲ್ಲಟದ ಶೇಖಮ್ಮ ಸಿಕ್ಕಳು, ಗೋಪಮ್ಮ ಹೆಂಗದಾಳ ಯವ್ವಾ ಎಂದು ಕೇಳಿದರೆ, ಈಗ್ಲೂ ದಿನಾ ಕಸ ಹೊಡಿತಾಳ್ರಿ, ಹಬ್ಬದಾಗ ನಮ್ಮ ಜೋಡಿ ಊಟಕ್ಕ ಕೂಡಂಗಿಲ್ಲ, ಪೀರಾ ಸಾಬ ಎದುರಿಗೆ ಬಂದ್ರ ಓಣಿ ಬದಲ್ ಮಾಡ್ತಾಳ, ಕೂಸುಗೋಳ್ನ ನಾನ ತಿಂದೀನಿ ಅಂತಾಳ್ರಿ. ಶೇಖಮ್ಮ ಹಿಂಡಿಯ ಚೀಲ ಎತ್ತಿಕೊಂಡು ಬಸ್ಸು ಹತ್ತಿದಳು, ನಾನು ಹತ್ತಬೇಕಾದ ಬಸ್ಸು ಅದೇ ಆಗಿತ್ತು, ಹತ್ತಲಿಲ್ಲ.

ದಪ್ಪದ್ದು ಒಯ್ದರೆ ನಾನು ಕಲಿತವನು, ತೆಲುಗಿನದು ಒಯ್ದರೆ ಕರುಣೆಯುಳ್ಳವನು, ಎರಡರ ಹಿಂದೆಯೂ ಅಡಗಿಕೊಳ್ಳಲು ಜಾಗವಿದೆ. ಮಲ್ಲಟದವರಿಗೆ ಓದಲು ಬಾರದಿದ್ದರೂ ಈ ನೀಲಿ ರಟ್ಟಿನ ಗುರುತಿದೆ, ಬೇರೆ ಪುಸ್ತಕ ತೆರೆದರೆ ಬೇರೆ ಪಾಠ ಅಂದುಕೊಳ್ಳುತ್ತಾರೆ, ಹಳೆಯದು ಹಳೆಯ ಜಾಗದಲ್ಲೇ ಉಳಿಯುತ್ತದೆ, ಇದನ್ನೇ ಎಲ್ಲರೆದುರು ತೆರೆದು, ಅದೇ ಪುಟ ತೋರಿಸಿ, ಇಲ್ಲಿ ನಾನು ತಪ್ಪು ಹೇಳಿದ್ದೆ ಎನ್ನಬೇಕು, ಯಾವ ಉಪದೇಶಿಯೂ ಹಾಗೆ ಅಂದದ್ದನ್ನು ನಾನು ಕೇಳಿಲ್ಲ, ಅಯ್ಯನವರ ಕಿವಿಗೆ ಬಿದ್ದರೆ ಕೆಲಸ ಉಳಿಯುತ್ತದೋ ಇಲ್ಲವೋ, ಭಯವಾಗುತ್ತದೆ, ಆಗಲಿ. ನೀಲಿಯದನ್ನೇ ತೆಗೆದುಕೊಂಡು ರಿಜಿಸ್ಟರಿನಲ್ಲಿ ಸಹಿ ಮಾಡಿದೆ. ಅಯ್ಯನವರು ಬಂದು ನೋಡಿ, ಚಲೋ ಮಾಡಿದ್ರಿ ಮೌನಪ್ಪ, ನಮ್ಮ ಮಂದಿಗೆ ಇದ ಸಾಕು, ಎಂದು ಬೀಗ ಹಾಕಿದರು. ಮೂರೂವರೆ. ಏನು ಹೇಳಬೇಕೆಂದು ಗೊತ್ತಿದೆ, ಗೋಪಮ್ಮಾ, ಆ ಮಾತು ದೇವರದಲ್ಲ, ತಾಯತಕ್ಕೂ ಕೂಸುಗಳು ಸತ್ತದ್ದಕ್ಕೂ ಸಂಬಂಧ ಇಲ್ಲವ್ವ, ತಪ್ಪು ನಂದು, ಎನ್ನುತ್ತೇನೆ, ಅವಳು ಬೈಯಲಿ, ಕಸಬರಿಗೆ ಎತ್ತಲಿ, ಐದು ವರ್ಷ ನನಗ್ಯಾಕ ಹಿಂಗ ಮಾಡಿದಿ ಯಪ್ಪಾ ಎಂದು ಕೇಳಲಿ, ಯೋಬನ ಹಾಗೆ ಒಮ್ಮೆ ಎದ್ದು ನಿಲ್ಲಲಿ — ಆದರೆ ಮನಸ್ಸಿನಲ್ಲಿ ಎಷ್ಟು ಸಲ ಹೇಳಿ ನೋಡಿದರೂ ಅವಳು ಏಳುವುದಿಲ್ಲ, ಇನ್ನೊಮ್ಮೆ ಹೇಳುತ್ತೇನೆ, ತಪ್ಪು ನಂದು, ಸೆರಗು ಹೊದ್ದ ಆ ತಲೆ, ಕೆಳಗೆ, ಮೇಲೆ, ಹೌದ್ರಿ ಯಪ್ಪಾ, ಕೆಳಗೆ, ಮೇಲೆ, ಕೆಳಗೆ