ಬಾಣದ ಮೇಲೆ ಕಣ್ಣು

ದೊಡ್ಡಾಸ್ಪತ್ರೆಯ ಹಿಂಭಾಗದಲ್ಲಿ, ಹೆಣದ ಕೋಣೆಗೂ ಬಾಯ್ಲರಿಗೂ ನಡುವೆ, ತಗಡಿನ ಮಾಡಿನ ಒಂದು ಉದ್ದನೆಯ ಶೆಡ್ಡು. ಅಲ್ಲಿಗೆ ದಿನಕ್ಕೆ ಆರುನೂರು ಹಾಸಿಗೆ ಬಟ್ಟೆ ಬರುತ್ತಿದ್ದವು. ರಕ್ತದ್ದು ಒಂದು ಕಡೆ, ಕೀವಿನದ್ದು ಒಂದು ಕಡೆ, ಹೆರಿಗೆಯದ್ದು ಇನ್ನೊಂದು ಕಡೆ. ರಕ್ತದ ಬಟ್ಟೆಯನ್ನು ಬಿಸಿನೀರಿಗೆ ಹಾಕುವ ಹಾಗಿಲ್ಲ, ಕಲೆ ಕೂತುಬಿಡುತ್ತದೆ. ತಣ್ಣೀರಲ್ಲಿ ನೆನೆಸಿ, ಕೈಯಲ್ಲೇ ಉಜ್ಜಿ, ಆಮೇಲೆ ಮಷೀನಿಗೆ. ಆ ತಣ್ಣೀರಿನ ತೊಟ್ಟಿಯ ಮುಂದೆ ದೊಡ್ಡಕ್ಕ ಇಪ್ಪತ್ತೆಂಟು ವರ್ಷ ನಿಂತಿದ್ದಳು. ಬ್ಲೀಚಿನ ಪುಡಿ ಅವಳ ಬೆರಳ ಸಂದಿಗಳನ್ನು ತಿಂದುಹಾಕಿತ್ತು. ಬೆರಳ ತುದಿಯ ಗೆರೆಗಳು ಎಂದೋ ಸವೆದುಹೋಗಿದ್ದವು.

ಆಸ್ಪತ್ರೆಗೆ ಹೆಬ್ಬೆಟ್ಟು ಒತ್ತುವ ಹಾಜರಿ ಯಂತ್ರ ಬಂದಾಗ ಅದು ಡಾಕ್ಟರ ಬೆರಳು ಹಿಡಿಯಿತು, ಗುಮಾಸ್ತರ ಬೆರಳು ಹಿಡಿಯಿತು. ಶೆಡ್ಡಿನ ಹನ್ನೊಂದು ಜನರಲ್ಲಿ ಒಬ್ಬರದ್ದನ್ನೂ ಹಿಡಿಯಲಿಲ್ಲ. ಗೆರೆಯೇ ಇಲ್ಲದ ಮೇಲೆ ಪಾಪ ಅದಾದರೂ ಏನು ಮಾಡೀತು.

"ನಾವು ಹುಟ್ಟೇ ಇಲ್ಲ ಅನ್ನುತ್ತಲ್ಲ ಇದು," ಎಂದ ಬಾಯ್ಲರ್ ಮಾವ. ಬಾಯ್ಲರಿಗೆ ಬೆಂಕಿ ಹಾಕುವ ಮುದುಕ ಅವನು, ಶೆಡ್ಡಿನಲ್ಲಿದ್ದ ಒಬ್ಬನೇ ಗಂಡಸು.

ಮರುವಾರ ಆರ್ಡರು ಬಂತು. ಶೆಡ್ಡಿಗೆ ಯಾವ ಕಾಗದ ಬಂದರೂ ಟೀ ಹೊತ್ತಿಗೆ ಅದನ್ನು ದೊಡ್ಡಕ್ಕ ಗಟ್ಟಿಯಾಗಿ ಎರಡು ಸಲ ಓದಬೇಕು. ಏಳನೇ ಕ್ಲಾಸಿನವರೆಗೆ ಹೋದವಳು ಅವಳೊಬ್ಬಳೇ. ಅವಳು ಓದಿ, "ಹಾಕಬಹುದು" ಎಂದ ಮೇಲೇ ಉಳಿದವರ ಸಹಿ, ಹೆಬ್ಬೆಟ್ಟು. ಶೆಡ್ಡನ್ನು ಕಂಟ್ರಾಕ್ಟ್ ಕಂಪನಿಗೆ ಒಪ್ಪಿಸಿ ಕೈ ತೊಳೆದುಕೊಳ್ಳಲು ಆಡಳಿತಾಧಿಕಾರಿ ಮೂರು ಸಲ ಕಾಗದ ಕಳಿಸಿದ್ದ. ಮೂರು ಸಲವೂ ಅದು ಒಂದು ಸಹಿಯೂ ಇಲ್ಲದ ಬೋಳು ಕಾಗದವಾಗಿಯೇ ವಾಪಸು ಹೋಗಿತ್ತು. ಈ ಸಲದ ಕಾಗದದಲ್ಲಿ ಅಂಥದ್ದೇನೂ ಇರಲಿಲ್ಲ. ಎಲ್ಲರೂ ಕಂಪ್ಯೂಟರ್ ಕಲಿತು, ಪಾಸ್‌ವರ್ಡ್ ಹಾಕಿ ಹಾಜರಿ ಕೊಡಬೇಕು. ಹದಿನೈದು ದಿನ ತರಬೇತಿ, ಕೊನೆಗೆ ಪರೀಕ್ಷೆ. ಪಾಸಾಗದವರ ವಿಷಯವನ್ನು ಆಡಳಿತ ಪರಿಶೀಲಿಸುತ್ತದೆ.

"ಪರಿಶೀಲಿಸುತ್ತದೆ ಅಂದ್ರೆ?" ಎಂದು ಕೇಳಿದವಳು ನಿಧಾನಿ. ಬಟ್ಟೆ ಮಡಚುವವಳು. ಮಾತೂ ನಿಧಾನ, ನಡಿಗೆಯೂ ನಿಧಾನ. ಆದರೆ ಅವಳು ಮಡಚಿದ ಬಟ್ಟೆಯ ಅಂಚು ಒಂದು ನೂಲೂ ಆಚೀಚೆ ಆಗುತ್ತಿರಲಿಲ್ಲ.

"ಮನೆಗೆ ಕಳಿಸ್ತಾರೆ ಅಂತ," ಎಂದಳು ದೊಡ್ಡಕ್ಕ.

ಅವಳ ಪಿಂಚಣಿಗೆ ಇನ್ನೆರಡೇ ವರ್ಷ. ಅದಕ್ಕಿಂತ ದೊಡ್ಡದು ಗಂಡನ ವಿಷಯ. ಬಸ್ಸುಗಳಿಗೆ ಬಣ್ಣ ಬಳಿಯುತ್ತಿದ್ದ ಮನುಷ್ಯನ ಎರಡೂ ಕಿಡ್ನಿ ಕೈಕೊಟ್ಟು ನಾಲ್ಕು ವರ್ಷವಾಗಿತ್ತು. ಸೋಮವಾರ ಒಮ್ಮೆ, ಗುರುವಾರ ಒಮ್ಮೆ ಅವನನ್ನು ಇದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ರಕ್ತ ತೊಳೆಯುವ ಯಂತ್ರಕ್ಕೆ ಹಾಕುತ್ತಿದ್ದರು. ಕಾಯಂ ನೌಕರರ ಮನೆಯವರಿಗೆ ಅದು ಪುಕ್ಕಟೆ. ಅವಳ ಕೆಲಸ ಇದ್ದರೆ ಅವನು ಇದ್ದ, ಅಷ್ಟೇ ಲೆಕ್ಕ.

ತರಬೇತಿಯ ಕೋಣೆ ಥಂಡಿಯಾಗಿತ್ತು. ಇವರು ಬರುತ್ತಾರೆಂದು ಕುರ್ಚಿಗಳಿಗೆಲ್ಲ ಪ್ಲಾಸ್ಟಿಕ್ ಹೊದಿಸಿದ್ದರು. ಕಲಿಸಲು ಬಂದ ಹುಡುಗಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಎಲ್ಲರೂ ಅವಳನ್ನು ಟೀಚರಮ್ಮ ಎಂದರು. ಅಮ್ಮನ ವಯಸ್ಸಿನವರೆಲ್ಲ ಹಾಗೆ ಕರೆದರೆ ಅವಳಿಗೆ ನಾಚಿಕೆ.

"ಅಕ್ಕಾ, ಮೌಸನ್ನ ಇಸ್ತ್ರಿಪೆಟ್ಟಿಗೆ ಒತ್ತಿದ ಹಾಗೆ ಒತ್ತಬೇಡಿ. ಮೆತ್ತಗೆ."

"ಮೆತ್ತಗೆ ಮುಟ್ಟಿದ್ರೆ ಇದಕ್ಕೆ ಗೊತ್ತಾಗುತ್ತಾ?"

"ಗೊತ್ತಾಗುತ್ತೆ. ನೋಡಿ, ಬಾಣ ಓಡ್ತಾ ಇದೆ."

ಬಾಣ ಓಡುತ್ತಿತ್ತು ನಿಜ, ಆದರೆ ಬೇಕಾದ ಕಡೆಗಲ್ಲ. ಬಲಕ್ಕೆ ಎಂದರೆ ಮೇಲಕ್ಕೆ ಹೋಗುತ್ತಿತ್ತು, ನಿಲ್ಲು ಎಂದರೆ ಮಾಯವಾಗುತ್ತಿತ್ತು. ಬಾಯ್ಲರ್ ಮಾವ ಮೌಸನ್ನು ಗಾಳಿಯಲ್ಲೆತ್ತಿ ಸ್ಕ್ರೀನಿನ ಮುಂದೆ ಹಿಡಿದು, "ಹೋಗೋ ಮಾರಾಯ," ಎಂದು ಗದರಿದ. ಹನ್ನೊಂದು ಜನವೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಪಾಸ್‌ವರ್ಡ್ ಗುಟ್ಟಾಗಿರಬೇಕೆಂದು ಟೀಚರಮ್ಮ ಹೇಳಿದಾಗ ನಿಧಾನಿ ತನ್ನದನ್ನು ಎಲ್ಲರಿಗೂ ಕೇಳುವಂತೆ ಹೇಳಿ, "ನಂಗೆ ಮರೆತುಹೋದ್ರೆ ನೀವು ಯಾರಾದ್ರೂ ನೆನಪಿಟ್ಕೊಳ್ಳಿ," ಎಂದಳು.

ದೊಡ್ಡಕ್ಕ ಮಾತ್ರ ಹಟ ಹಿಡಿದಳು. ಮನೆಯಲ್ಲಿ ಬಟ್ಟೆ ಸೋಪಿನ ಬಿಲ್ಲೆಯನ್ನು ಮೇಜಿನ ಮೇಲಿಟ್ಟು ಅಂಗೈಯಡಿಯಲ್ಲಿ ಹಿಂದೆ ಮುಂದೆ ಸರಿಸುತ್ತ ಕೂರುತ್ತಿದ್ದಳು. ಗಂಡ ಮಂಚದ ಮೇಲೆ ಊದಿದ ಕಾಲು ಚಾಚಿಕೊಂಡು ಗೋಡೆಯನ್ನೇ ಸ್ಕ್ರೀನು ಮಾಡುತ್ತಿದ್ದ.

"ಈಗ ಬಾಣ ಎಲ್ಲಿದೆ?"

"ಕ್ಯಾಲೆಂಡರ್ ಹತ್ರ."

"ಸ್ವಿಚ್ಚಿಗೆ ತಗೊಂಡು ಹೋಗು. ಹಾಂ, ಇನ್ನೂ ಸ್ವಲ್ಪ. ಒತ್ತು."

ಅವಳು ಸೋಪನ್ನು ಒತ್ತುತ್ತಿದ್ದಳು. "ಲೈಟ್ ಹತ್ತಿತು ನೋಡು," ಎನ್ನುತ್ತಿದ್ದ ಅವನು. ಆ ಕಾಯಿಲೆಯ ಮನೆಯಲ್ಲಿ ಆ ಹದಿನೈದು ದಿನ ನಗು ಇತ್ತು. ಐವತ್ತಾರನೇ ವಯಸ್ಸಿನಲ್ಲಿ ತನಗೂ ಹೊಸತೊಂದು ಬರುತ್ತದೆ ಎಂಬುದು ಅವಳಿಗೆ ಸಣ್ಣ ಸಂತೋಷವಲ್ಲ.

ಪರೀಕ್ಷೆಯ ದಿನ ಆಡಳಿತಾಧಿಕಾರಿಯೇ ಬಂದು ಬಾಗಿಲ ಬಳಿ ನಿಂತ. ಇಸ್ತ್ರಿ ಮುರಿಯದ ಅಂಗಿ, ತಗ್ಗಿದ ದನಿ. "ಹೆದರಬೇಡಿ. ಹನ್ನೆರಡು ಪುಟ ಬರುತ್ತೆ. ಪ್ರತಿ ಪುಟದ ಕೊನೆಗೆ ಚೌಕದಲ್ಲಿ ಗುರುತು ಹಾಕಿ ಹಸಿರು ಬಟನ್ ಒತ್ತಿ. ಇಪ್ಪತ್ತು ನಿಮಿಷದೊಳಗೆ ಮುಗಿಸಿದೋರು ಪಾಸು," ಎಂದ.

ಸ್ಕ್ರೀನಿನ ಮೂಲೆಯಲ್ಲಿ ಗಡಿಯಾರ ಹಿಂದಕ್ಕೆ ಓಡತೊಡಗಿತು. ದೊಡ್ಡಕ್ಕ ಉಸಿರು ಬಿಗಿಹಿಡಿದು ಬಾಣವನ್ನು ಚೌಕದ ಕಡೆಗೆ ನಡೆಸಿದಳು. ಪುಟದ ತುಂಬ ಅಕ್ಷರ ಇದ್ದವು. ಅವಳಿಗೆ ಬರುವ ಅಕ್ಷರಗಳೇ. ಆದರೆ ಅವಳ ಕಣ್ಣು ಬಾಣದ ಮೇಲಿತ್ತು. ಮೌಸು ಹೊಸದಾಗಿ ಹಿಡಿದ ಯಾರನ್ನಾದರೂ ನೋಡಿ, ಬಾಣ ಬಿಟ್ಟು ಬೇರೇನೂ ಅವರಿಗೆ ಕಾಣುವುದಿಲ್ಲ. ಕೈಗೆ ಬಂದ ಕಾಗದವನ್ನು ಎರಡು ಸಲ ಓದದೆ ಬಿಡದ ಹೆಂಗಸು ಹನ್ನೆರಡು ಪುಟಗಳಲ್ಲಿ ಒಂದು ಸಾಲನ್ನೂ ಓದಲಿಲ್ಲ. ಅದು ಕಾಗದವೆಂದು ಅವಳಿಗೆ ಹೊಳೆಯಲೇ ಇಲ್ಲ. ಅದು ಪರೀಕ್ಷೆಯಾಗಿತ್ತು.

ಏಳು ನಿಮಿಷಕ್ಕೆ ಅವಳದು ಮುಗಿಯಿತು. ಎಲ್ಲರಿಗಿಂತ ಮೊದಲು. ಪಕ್ಕದಲ್ಲಿ ನಿಧಾನಿ ನಾಲ್ಕನೇ ಪುಟದಲ್ಲೇ ಬೆವರುತ್ತಿದ್ದಳು. "ಅಕ್ಕಾ, ನಂಗಾಗಲ್ಲ. ನನ್ನ ಮನೆಗೆ ಕಳಿಸ್ತಾರೆ."

"ಕಳಿಸಲ್ಲ, ಬಾ," ಎಂದು ದೊಡ್ಡಕ್ಕ ಅವಳ ಕೈಯ ಮೇಲೆ ತನ್ನ ಕೈಯಿಟ್ಟು ಉಳಿದ ಒಂಬತ್ತೂ ಪುಟ ಒತ್ತಿಸಿದಳು. ಆಮೇಲೆ ಬಾಯ್ಲರ್ ಮಾವನ ಕೈ ಹಿಡಿದಳು. ಆಮೇಲೆ ಇನ್ನಿಬ್ಬರದು. ಪರೀಕ್ಷೆಯಲ್ಲಿ ಹೀಗೆ ಮಾಡಿದರೆ ಬೈಯಬೇಕಾಗಿದ್ದ ಅಧಿಕಾರಿ ಬಾಗಿಲಲ್ಲಿ ನಿಂತು ನಗುತ್ತಿದ್ದ. ಅವನು ಯಾಕೆ ಬೈಯಲಿಲ್ಲ ಎಂದು ಅವಳು ಆಮೇಲೆ ಸಾವಿರ ಸಲ ಕೇಳಿಕೊಂಡಳು.

ಹನ್ನೊಂದು ಜನವೂ ಪಾಸು. ದೊಡ್ಡಕ್ಕ ಫಸ್ಟು. ಗಂಡ ಆ ಸಂಜೆ ಕೋಲೂರಿಕೊಂಡು ಬೀದಿಗಿಳಿದು, "ನಮ್ಮವಳು ಕಂಪ್ಯೂಟರ್ ಪಾಸು," ಎಂದು ಅಕ್ಕಪಕ್ಕದ ನಾಲ್ಕು ಮನೆಗೆ ಹೇಳಿಬಂದ.

ಮುಂದಿನ ತಿಂಗಳ ಮೊದಲ ಸೋಮವಾರ ಮೂರನೇ ಮಹಡಿಯ ಕೌಂಟರಿನಲ್ಲಿ ಗುಮಾಸ್ತ ದೊಡ್ಡಕ್ಕನ ಗಂಡನ ಚೀಟಿಯನ್ನು ವಾಪಸು ತಳ್ಳಿದ. "ನಿಮ್ಮ ಹೆಸರು ಪಟ್ಟಿಯಲ್ಲಿ ಇಲ್ಲ. ನಿಮ್ಮನೆಯವರು ಈಗ ಆಸ್ಪತ್ರೆ ನೌಕರರಲ್ಲ, ಕಂಪನಿಯೋರು."

ದೊಡ್ಡಕ್ಕ ಒದ್ದೆ ಕೈಯಲ್ಲೇ ಅಧಿಕಾರಿಯ ಕೋಣೆಗೆ ಓಡಿದಳು. ಅವನು ಕೂರಲೂ ಹೇಳಲಿಲ್ಲ, ಹೊರಗೆ ಹೋಗೆಂದೂ ಹೇಳಲಿಲ್ಲ. ತನ್ನ ಸ್ಕ್ರೀನನ್ನು ಅವಳ ಕಡೆ ತಿರುಗಿಸಿದ. "ಓದಮ್ಮ. ನಿಂಗೆ ಓದು ಬರುತ್ತಲ್ಲ."

ಅವಳು ಓದಿದಳು. ಸ್ವಂತ ಇಚ್ಛೆಯಿಂದ ಕಾಯಂ ಹುದ್ದೆಯನ್ನು ಬಿಟ್ಟುಕೊಡುತ್ತಿದ್ದೇನೆ. ಪಿಂಚಣಿ, ವೈದ್ಯಕೀಯ ಸೌಲಭ್ಯ ಕೇಳುವುದಿಲ್ಲ. ಓದಿದ್ದೇನೆ, ಅರ್ಥವಾಗಿದೆ, ಒಪ್ಪಿದ್ದೇನೆ. ಕೆಳಗೆ ಅವಳ ಹೆಸರು, ತಾರೀಕು, ಗಂಟೆ, ನಿಮಿಷ, ಸೆಕೆಂಡು.

"ಇದು ಪರೀಕ್ಷೆ ಅಂದ್ರಲ್ಲ ಸಾರ್."

"ಪರೀಕ್ಷೆಯೇ. ನೀನು ಪಾಸಾಗಿದ್ದೀಯ. ಪಾಸಾದೋರಿಗೆ ಕಂಪ್ಯೂಟರ್ ಬರುತ್ತೆ ಅಂತ ಅರ್ಥ. ಬರೋರು ಒತ್ತಿದ್ದು ಅಂದ್ರೆ ಓದಿ ಒತ್ತಿದ್ದು ಅಂತ ಅರ್ಥ. ನಿನ್ನ ಪಾಸ್‌ವರ್ಡು, ನಿನ್ನ ಕೈ. ನಾನೇನಾದ್ರೂ ನಿನ್ನ ಕೈ ಹಿಡಿದು ಒತ್ತಿಸಿದ್ನಾ?"

ಆ ಮಾತು ಅವಳಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಅವನು ಯಾರ ಕೈಯನ್ನೂ ಹಿಡಿದಿರಲಿಲ್ಲ. ನಾಲ್ಕು ಜನರ ಕೈ ಹಿಡಿದವಳು ಅವಳು.

ಟೀಚರಮ್ಮ ಮೆಟ್ಟಿಲ ಬಳಿ ಸಿಕ್ಕಳು. ಅಳುತ್ತಿದ್ದಳು. "ನಂಗೆ ಪುಟ ಕೊಟ್ಟಿದ್ದು ಅವತ್ತು ಬೆಳಗ್ಗೆ ಅಕ್ಕಾ. ನಾನೂ ಅದೇ ಕಂಪನಿಯೋಳು. ಮಾತಾಡಿದ್ರೆ ನಾಳೆಯಿಂದ ಬರಬೇಡ ಅಂದ್ರು." ದೊಡ್ಡಕ್ಕನಿಗೆ ಅವಳನ್ನು ಬೈಯಲೂ ಮನಸ್ಸಾಗಲಿಲ್ಲ.

ಶೆಡ್ಡಿಗೆ ಬಂದು ಎಲ್ಲರನ್ನೂ ನಿಲ್ಲಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ನಿಮ್ಮ ಮನೆ ಹಾಳು ಮಾಡಿದೋಳು ನಾನು. ಓದಬೇಕಾದೋಳು ನಾನು ಓದಲಿಲ್ಲ. ಓದದೆ ನಿಮ್ಮ ಕೈ ಒತ್ತಿಸಿದೆ."

ಒಬ್ಬಳು ಬಕೆಟ್ಟನ್ನು ಒದ್ದು ಹೊರಗೆ ಹೋದಳು. ಬಾಯ್ಲರ್ ಮಾವ ತಲೆಯ ಮೇಲೆ ಕೈಹೊತ್ತು ಕೂತ. ನಿಧಾನಿ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿಟ್ಟಳು.

"ಅಕ್ಕಾ, ನೀನು ಒತ್ತಿಸದೆ ಇದ್ದಿದ್ರೂ ನಾನು ಒತ್ತುತ್ತಿದ್ದೆ. ಸ್ವಲ್ಪ ತಡವಾಗ್ತಿತ್ತು, ಅಷ್ಟೇ. ಅದಿರಲಿ, ಈಗ ಏನು ಮಾಡೋದು?"

ಎಲ್ಲರೂ ಸೇರಿ ಕಾರ್ಮಿಕ ಇಲಾಖೆಗೆ ಹೋದರು. ಅಲ್ಲಿದ್ದ ಹೆಂಗಸು ದೂರು ಬರೆದುಕೊಂಡು, ವಿಚಾರಣೆಗೆ ಎರಡು ತಿಂಗಳಾಗುತ್ತದೆ ಎಂದಳು. ಇವರು ಎದ್ದು ಹೊರಡುವಾಗ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದಳು. "ಕಂಪನಿ ಹೆಸರಲ್ಲಿ ಒಂದೇ ಒಂದು ಸಲ ಕಂಪ್ಯೂಟರಿನಲ್ಲಿ ಹಾಜರಿ ಹಾಕಿದ್ರೂ ನೀವು ತಿಳಿದೇ ಒಪ್ಪಿದ್ರಿ ಅಂತ ಆಗುತ್ತೆ. ಆಮೇಲೆ ನನ್ನ ಕೈಲೂ ಏನೂ ಆಗಲ್ಲ."

ಮರುದಿನದಿಂದ ಹನ್ನೊಂದು ಜನ ಹೊತ್ತಿಗೆ ಸರಿಯಾಗಿ ಬಂದರು. ಅಲ್ಲಿಯವರೆಗೆ ಹಾಜರಿ ಪುಸ್ತಕವೇ ಇತ್ತು, ಈಗ ಶೆಡ್ಡಿನ ಬಾಗಿಲಲ್ಲಿ ಹೊಸ ಕಂಪ್ಯೂಟರ್ ಇಟ್ಟಿದ್ದರು, ನೆತ್ತಿಯ ಮೇಲೆ ಕಂಪನಿಯ ಹೆಸರು. ಯಾರೂ ಅದನ್ನು ಮುಟ್ಟಲಿಲ್ಲ. ಹಾಜರಿ ಹಾಕದವರು ತೊಟ್ಟಿಯ ಹತ್ತಿರವೂ ಹೋಗುವಂತಿಲ್ಲ ಎಂದು ಕಾವಲುಗಾರ ಅಡ್ಡ ನಿಂತ. ಇವರು ಗೋಡೆಗೊರಗಿ ನಿಂತರು. ಬಟ್ಟೆಯ ಗಂಟುಗಳು ಬಂದು ಬೀಳುತ್ತಲೇ ಇದ್ದವು. ಎರಡನೇ ದಿನಕ್ಕೆ ನಾತ ವಾರ್ಡಿನವರೆಗೆ ಹೋಯಿತು.

ಈ ನಡುವೆ ಮೂರನೇ ಮಹಡಿಯ ನರ್ಸಮ್ಮ, ಪುಣ್ಯಾತ್ಗಿತ್ತಿ, ಎರಡು ಸಲ ಯಾರಿಗೂ ಹೇಳದೆ ದೊಡ್ಡಕ್ಕನ ಗಂಡನನ್ನು ಯಂತ್ರಕ್ಕೆ ಹಾಕಿಸಿದ್ದಳು. ಮೂರನೇ ಸಲಕ್ಕೆ ಅವಳಿಗೆ ನೋಟೀಸು ಬಂದು ಅದೂ ನಿಂತಿತು. ಗಂಡನ ಮುಖ ಊದಿಕೊಂಡಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಕೂತೇ ಇರುತ್ತಿದ್ದ. ಮರುವಾರದ ಗುರುವಾರ ಬೆಳಗ್ಗೆ ಚಪ್ಪಲಿ ಹಿಡಿಸದ ಕಾಲಿಗೆ ಅವಳು ಬಟ್ಟೆ ಸುತ್ತುತ್ತಿದ್ದಾಗ ಅವನು ಹೇಳಿದ.

"ನನ್ನ ನೆಪ ಮಾಡ್ಕೊಂಡು ಅವರ ಕೈ ಬಿಡಬೇಡ."

"ನೀನು ಸುಮ್ನಿರು."

"ನಂಗೆ ಹೆದರಿಕೆ ಆಗುತ್ತೆ, ಇಲ್ಲ ಅನ್ನಲ್ಲ. ಆದ್ರೂ ಬಿಡಬೇಡ."

ಯಾರಾದರೂ ಒಳಗೆ ಬಿಟ್ಟಾರೇನೋ ಎಂದು ಅವನನ್ನು ಮೂರನೇ ಮಹಡಿಯ ಬೆಂಚಿನ ಮೇಲೆ ಕೂರಿಸಿ ಅವಳು ಶೆಡ್ಡಿಗೆ ಬಂದಳು. ಹತ್ತು ಗಂಟೆಗೆ ಆಡಳಿತಾಧಿಕಾರಿ ಮೂಗಿಗೆ ಕರವಸ್ತ್ರ ಹಿಡಿದು ಇಳಿದುಬಂದ. ಆಪರೇಷನ್ ಕೋಣೆಯಲ್ಲಿ ಒಂದು ಬಟ್ಟೆಯೂ ಉಳಿದಿರಲಿಲ್ಲ. ದೊಡ್ಡಕ್ಕನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಮಾತಾಡಿದ.

"ನೋಡು, ನೀನು ಫಸ್ಟ್ ಬಂದೋಳು. ನೀನು ಹಾಜರಿ ಹಾಕಿದ್ರೆ ಇವರೂ ಹಾಕ್ತಾರೆ. ನಿನ್ನ ಮೇಸ್ತ್ರಿ ಮಾಡ್ತೀನಿ. ನಿನ್ನ ಗಂಡ ಮೇಲೆ ಕೂತಿದ್ದಾನೆ, ನೋಡಿಕೊಂಡೇ ಬಂದೆ. ವಿಶೇಷ ಅಂತ ಬರೆದು ಈಗಲೇ ಒಳಗೆ ಕಳಿಸ್ತೀನಿ. ಎರಡು ನಿಮಿಷದ ಕೆಲಸ."

ಅವಳು ಕಂಪ್ಯೂಟರಿನ ಮುಂದೆ ಹೋಗಿ ನಿಂತಳು. ಹತ್ತು ಜೊತೆ ಕಣ್ಣು ಅವಳ ಬೆನ್ನ ಮೇಲಿದ್ದವು. ಈ ಸಲ ಬಾಣ ಎಲ್ಲಿದೆ ಎಂದು ನೋಡಲಿಲ್ಲ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದಳು. ಅಷ್ಟು ಚೆನ್ನಾಗಿ ಕಲಿತಿದ್ದಳಲ್ಲ, ಕೈ ತಾನಾಗಿಯೇ ಮೌಸಿನ ಕಡೆ ಹೋಯಿತು. ಅದನ್ನು ಹಿಂದಕ್ಕೆಳೆದು ಸೆರಗಿನಲ್ಲಿ ಸುತ್ತಿಕೊಂಡಳು.

"ನಂಗೆ ಬರಲ್ಲ ಸಾರ್," ಎಂದಳು.

"ಏನು ಬರಲ್ಲ?"

"ಕಂಪ್ಯೂಟರು. ನಂಗೆ ಬರಲ್ಲ. ಅವತ್ತೂ ಬರ್ತಿರಲಿಲ್ಲ."

ಅಧಿಕಾರಿಯ ಮುಖ ಕೆಂಪಾಯಿತು. ಉಳಿದವರ ಕಡೆ ತಿರುಗಿ, "ನಿಂಗೆ? ನಿಂಗೆ ಬರುತ್ತಲ್ಲ?" ಎಂದ.

"ನಂಗೂ ಬರಲ್ಲ," ಎಂದಳು ನಿಧಾನಿ, ಒಂದಿಷ್ಟೂ ತಡಮಾಡದೆ. ಬಾಯ್ಲರ್ ಮಾವ ಬರಲ್ಲ ಎಂಬಂತೆ ಬರೀ ತಲೆಯಾಡಿಸಿದ. ಗೋಡೆಯುದ್ದಕ್ಕೂ ಒಬ್ಬರಾದ ಮೇಲೊಬ್ಬರು ಅದನ್ನೇ ಹೇಳಿದರು. ದೊಡ್ಡಕ್ಕ ಮಾತ್ರ ಅವರ ಕಡೆ ತಿರುಗಲಿಲ್ಲ. ಅವಳು ಅಳುತ್ತಿದ್ದಳು.

ಮೂರನೇ ಮಹಡಿಯಲ್ಲಿ ಅವಳ ಗಂಡನ ಸರದಿ ನಾಲ್ಕು ವರ್ಷದಿಂದಲೂ ಹತ್ತೂಕಾಲಿಗೆ. ಬಾಗಿಲು ತೆರೆದು ಗುಮಾಸ್ತ ಹೆಸರು ಕೂಗಿದ. ಅದು ಬೇರೆ ಯಾರದೋ ಹೆಸರು. ಅವನು ಕಾಲು ಮಡಚಿಕೊಂಡು ಆ ಮನುಷ್ಯನಿಗೆ ಒಳಗೆ ಹೋಗಲು ದಾರಿ ಬಿಟ್ಟ.