ಹಿಂದಿನ ಸೀಟು

ಸೀಟಿನ ಅಂಚಿನ ಹೊಲಿಗೆ ಒಂದೇ ಸಮ ಬಂದಿದೆ, ಎಲ್ಲೂ ದಾರ ಜಿಗಿದಿಲ್ಲ, ಯಾರೋ ಕೈ ಪಳಗಿದವರೇ ಹೊಲಿದದ್ದು ಅಂದುಕೊಳ್ಳುತ್ತ ಅವಳು ಹೆಬ್ಬೆರಳನ್ನು ಅದರುದ್ದಕ್ಕೂ ಆಡಿಸಿದಳು — ಗಾಡಿ ಕೊಳ್ಳೋಕೆ ಬಂದು ಹೊಲಿಗೆ ನೋಡ್ತಾ ನಿಂತಿದೀನಲ್ಲ, ಟೈಲರ್ ಬುದ್ಧಿ ಎಲ್ಲಿ ಹೋಗುತ್ತೆ — ಸಲೂನಿನ ಹಿಂದಿನ ಈ ಶೆಡ್ಡಿನಲ್ಲಿ ಪೆಟ್ರೋಲಿನ ಜೊತೆ ಶೇವಿಂಗ್ ಸೋಪೂ ಘಮಗುಟ್ಟುತ್ತಿದೆ, ನಡುವೆ ಆ ಕಪ್ಪು ಕ್ರೂಸರ್ ಬೈಕು ಮೈ ಚಾಚಿದ ಬೆಕ್ಕಿನಂತೆ ತಗ್ಗಾಗಿ, ಉದ್ದವಾಗಿ, ಸೈಡ್‌ಸ್ಟ್ಯಾಂಡಿಗೆ ಒರಗಿದೆ, ಅವಳಿ ಮಕ್ಕಳಾದ್ವು ಸರ್, ನಾಲ್ಕು ಜನ ಇದರಲ್ಲಿ ಹೆಂಗೆ ಹೋಗೋದು, ಇಲ್ಲದಿದ್ರೆ ಕೊಡ್ತಿದ್ನಾ, ಅನ್ನುತ್ತಿದ್ದಾನೆ ಸಲೂನಿನವನು, ಮಾತೆಲ್ಲ ಅವಳ ಗಂಡನಿಗೇ, ಅವಳೊಬ್ಬಳು ಅಲ್ಲಿ ಇದ್ದಾಳೆ ಅನ್ನುವುದೇ ಅವನಿಗೆ ಗೊತ್ತಿಲ್ಲ. ಇರಲಿ, ಗೊತ್ತಿಲ್ಲದಿದ್ದರೇ ಒಳ್ಳೆಯದು, ಗೋಡೆಗೆ ಬಣ್ಣ ಬಳಿಯುತ್ತ ಏಣಿಯಿಂದ ಬಿದ್ದು ಮಂಡಿ ಆಪರೇಷನ್ ಮಾಡಿಸಿಕೊಂಡ ಮೇಲೆ ಇವರ ಮುಖದಲ್ಲಿ ಇಷ್ಟು ಕಳೆ ಬಂದಿರುವುದು ಇವತ್ತೇ, ಹಳೇ ಬೈಕು ಎತ್ತರ, ಕಾಲು ದಾಟಿಸಲಾಗದೆ ಮಾರಿದ್ದಾಯಿತು, ಸೀಟು ತಗ್ಗಿರೋದು ಸಿಕ್ಕಿದ್ರೆ ನಾನೇ ಓಡಿಸ್ತೀನಿ ನೋಡ್ತಿರು ಅಂತ ಹಾಸಿಗೆಯಲ್ಲಿದ್ದಾಗಿನಿಂದ ಒಂದೇ ಜಪ, ಅಷ್ಟರಲ್ಲಿ ಅವಳು ತಮ್ಮನ ಬೈಕಿನಲ್ಲಿ ಓಡಿಸಲು ಕಲಿತು ಲೈಸೆನ್ಸನ್ನೂ ಮಾಡಿಸಿ, ಇವರನ್ನು ಕಟ್ಟೆಯ ಮೇಲಿಂದ ಹತ್ತಿಸಿಕೊಂಡು ಮಂಡಿ ವ್ಯಾಯಾಮಕ್ಕೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದದ್ದು ಲೆಕ್ಕಕ್ಕೇ ಇಲ್ಲ, ಅದು ಆಸ್ಪತ್ರೆ ಓಡಾಟ, ಓಡಿಸೋದು ಬೇರೆ ಅಂತೆ. ಈಗ ಕಾಲು ದಾಟಿಸಿದರು, ಸುಲಭವಾಗಿ ದಾಟಿತು, ನಕ್ಕರು, ಹ್ಯಾಂಡಲ್ ಹಿಡಿದು ಗಾಡಿಯನ್ನು ನೆಟ್ಟಗೆ ಎತ್ತಿದರು — ಎತ್ತಿದ್ದೇ ತಡ ಮಂಡಿ ನಡುಗಿತು, ಪ್ಯಾಂಟಿನ ಬಟ್ಟೆ ಅಲುಗುವುದು ಅವಳಿಗೆ ಕಂಡಿತು, ಹಿಡಿಯೋಕೆ ಹೋಗಬೇಡ, ಕೈ ಚಾಚಬೇಡ, ಇನ್ನೊಬ್ಬರ ಎದುರು ಬೇಡ — ಗಾಡಿ ಮತ್ತೆ ಸ್ಟ್ಯಾಂಡಿಗೆ ವಾಲಿತು, ಸಲೂನಿನವನು ಇಲ್ಲದ ಧೂಳು ಒರೆಸುತ್ತ ಆ ಕಡೆ ತಿರುಗಿದ, ಒಳ್ಳೆಯವನೇ, ಆಮೇಲೆ ಮೆತ್ತಗೆ, ಭಾರ ಜಾಸ್ತಿ ಸರ್ ಇದು, ಅಂದ. ಇವರು ಹ್ಯಾಂಡಲ್ ಬಿಟ್ಟರು. ಇಳಿದರು. ಈ ಬಿಗಿದ ಮುಖ ಅವಳಿಗೆ ಗೊತ್ತು, ಮನೆಗೆ ಹೋದರೂ ಸಡಿಲವಾಗದ ಮುಖ, ಮನೆಗೆ ಹೋಗೋಣವೇನ್ರೀ ಅನ್ನಲೇ, ಬೇರೆ ನೋಡೋಣ ಅನ್ನಲೇ, ಅನ್ನುವಷ್ಟರಲ್ಲಿ ಅವರು ಗಂಟಲು ಸರಿಮಾಡಿಕೊಂಡು, ಓಡಿಸೋದು ಇವಳು, ನಾನು ಸುಮ್ನೆ ಸೀಟು ನೋಡಿದೆ ಅಷ್ಟೇ, ಅಂದರು, ಅವಳ ಕಡೆ ನೋಡದೆಯೇ, ಕೂತ್ಕೋ ಮಾರಾಯ್ತಿ, ಯಾಕೆ ನಿಂತಿದೀಯ. ಕೂತಳು, ಎರಡೂ ಪಾದ ಪೂರ್ತಿ ನೆಲಕ್ಕೆ, ಕುಳ್ಳಿ ಕುಳ್ಳಿ ಅಂತ ಎಲ್ಲರ ಕೈಲೂ ಅನ್ನಿಸಿಕೊಂಡವಳ ಹಿಮ್ಮಡಿಯೂ ನೆಲಕ್ಕೆ, ಗಾಡಿ ಅವಳ ತೊಡೆಗಳ ನಡುವೆ ಎದ್ದು ನಿಂತಿತು, ಭಾರ ಇದೆ, ಆದರೆ ತಡೆಯಲಾಗದಷ್ಟಲ್ಲ. ಹಿಂದೆ ಅವರು ಹತ್ತಿ ಕೂತರು, ಸ್ಪ್ರಿಂಗು ಕುಗ್ಗಿತು, ಸಲೂನಿನವನು ಈಗ ಅಮ್ಮಾ ಅನ್ನುತ್ತಿದ್ದಾನೆ, ಕ್ಲಚ್ ನಿಧಾನ ಬಿಡಿ ಅಮ್ಮಾ, ಆ ತಿರುವಿನವರೆಗೆ ಹೋಗ್ಬನ್ನಿ, ಗೊತ್ತಪ್ಪ ಗೊತ್ತು, ಬೀದಿ ಹಿಂದೆ ಸರಿಯಿತು, ಬೇಕರಿ, ಬೀಗದಂಗಡಿ, ಗಾಳಿ, ಎಂಜಿನ್ ಗುಡುಗುಡು ಅಂಗಾಲಿನಿಂದ ಹಲ್ಲಿನವರೆಗೂ — ಇಷ್ಟು ವರ್ಷ ಇವರು ಮುಂದೆ ಕೂತು ಮಾತಾಡಿದ್ದೆಲ್ಲ ಗಾಳಿಗೆ ಹೋಗುತ್ತಿತ್ತು, ಕೇಳಿಸದೆ ಹೂಂ ಹೂಂ ಅನ್ನುತ್ತಿದ್ದಳು, ಹಾಗೆ ಒಮ್ಮೆ ಬಣ್ಣದ ಮಾತಿಗೆ ಹೂಂ ಅಂದದ್ದಕ್ಕೆ ಅಡುಗೆಮನೆ ಗಿಳಿಹಸಿರಾಗಿ ಕೂತಿದೆ ಇವತ್ತಿಗೂ — ಆಸ್ಪತ್ರೆ ದಾರಿಯಲ್ಲಿ ನೋವಿಗೆ ಹಲ್ಲು ಕಚ್ಚಿ ಕೂರುತ್ತಿದ್ದವರ ಮಾತು ಈಗ ನೇರ ಕಿವಿಗೆ, ಎಡಕ್ಕೆ ಹೋಗು, ಗುಂಡಿ ಇದೆ, ಗೇರ್ ಇಳಿಸು, ಪ್ರತಿ ಅಕ್ಷರವೂ ಕೇಳಿಸುತ್ತಿದೆ, ಕರ್ಮ, ನಗು ಬಂತು ಅವಳಿಗೆ. ದುಂಡು ಕನ್ನಡಿಯಲ್ಲಿ ಅವರ ಕಿವಿ, ಅರ್ಧ ಗಲ್ಲ, ಬಿಳಿ ಗಡ್ಡ, ತಮ್ಮನ ಬೈಕಿಗೆ ಕನ್ನಡಿಯೇ ಇರಲಿಲ್ಲ, ಅದಕ್ಕೂ ಮೊದಲು ಇಷ್ಟು ವರ್ಷ ಅವಳು ಕಂಡದ್ದು ಬರೀ ಕತ್ತಿನ ಹಿಂಭಾಗ. ತಿರುವು ಬಂತು, ತಿರುಗಿಸಬೇಕು, ಸಲೂನಿನವನು ಕಾಯುತ್ತಿರುತ್ತಾನೆ, ತಗೊಳ್ಳೋಣವೇನ್ರೀ ಅಂದಳು. ಇನ್ನೂ ಸ್ವಲ್ಪ ಮುಂದೆ ಹೋಗೋಣ, ಅಂದರು, ದಾರಿ ಹೇಳುವುದನ್ನೂ ಬಿಟ್ಟರು, ಅವರ ಕೈ ಅವಳ ಸೊಂಟಕ್ಕೆ ಬಂತು, ಅವಳು ಕನ್ನಡಿ ನೋಡಿದಳು, ರಸ್ತೆ ನೋಡಿದಳು, ಮತ್ತೆ ಕನ್ನಡಿ, ಕನ್ನಡಿಯಲ್ಲಿ ಅವರ ಮುಖ, ಗಾಳಿಗೆ ಒಡ್ಡಿದ ಮುಖ, ಕಣ್ಣು ಮುಚ್ಚಿದೆ.